ಎಡಗಾಲ ಹೆಜ್ಜೆ

ಎತ್ತಿದ ಕೈ ಎತ್ತಿದಂತೆಯೇ ನಿಂತುಬಿಟ್ಟಿತು. ನಾಹಾ ಪಟ್ಟಣದ ಕರಾಟೆ ಶಾಲೆಗೆ ಐವತ್ತು ವರ್ಷ ತುಂಬಿದ ದಿನ, ಎಲ್ಲರ ಮುಂದೆ ವರಸೆ ಮಾಡಿ ತೋರಿಸುತ್ತಿದ್ದ ಗುರು ಚಿನೆನ್ ಅವರಿಗೆ ಮುಂದಿನ ಹೆಜ್ಜೆಯೇ ಮರೆತುಹೋಗಿತ್ತು. ಹದಿನಾರರ ಪ್ರಾಯದಲ್ಲಿ ತಮ್ಮ ಗುರುವಿನ ಅಂಗಳದಲ್ಲಿ ಮೂರು ವರ್ಷ ಇದೊಂದನ್ನೇ ಕಲಿತಿದ್ದರು. ಈಗ ಎಪ್ಪತ್ತಾರು.

ಅವರ ಮೊದಲ ಶಿಷ್ಯೆ, ಮೀನು ಮಾರುವ ಕಾಮಾದೊ, ಧಡಕ್ಕನೆ ಎದ್ದಳು. "ಏನ್ರೋ, ಗುರುಗಳೊಬ್ರೇ ಬೆವರು ಸುರಿಸ್ತಿದ್ರೆ ಕೂತ್ಕೊಂಡು ನೋಡ್ತೀರಾ? ನಾಚಿಕೆ ಆಗಲ್ವಾ? ಏಳ್ರೋ!"

ನಲವತ್ತು ಶಿಷ್ಯರು ಎದ್ದು ಗುರುವಿನ ಮುಂದೆ, ಅವರಿಗೆ ಬೆನ್ನು ಮಾಡಿ ಸಾಲುಗಟ್ಟಿದರು. ಗುರು ನಿಲ್ಲಿಸಿದಲ್ಲಿಂದಲೇ ಎಲ್ಲರೂ ಎಡಗಾಲು ಮುಂದಿಟ್ಟರು. ಹಿಂದೆ ನಿಂತಿದ್ದ ಚಿನೆನ್ ಆ ಪಾದಗಳನ್ನು ನೋಡಿದರು. ನೇರವಿರಬೇಕಾದ ಪಾದ ಒಂದೊಂದೂ ತುಸು ಹೊರಕ್ಕೆ ಓರೆಯಾಗಿತ್ತು. ಇಪ್ಪತ್ತರ ಪ್ರಾಯದಲ್ಲಿ ಎಡಗಾಲು ಮುರಿದು ಸೊಟ್ಟಗೆ ಕೂಡಿದ ಮೇಲೆ ಅವರೊಬ್ಬರೇ ಹಾಗೆ ಇಡುತ್ತಿದ್ದರು. ಯಾರಿಗೂ ಹಾಗೆ ಹೇಳಿಕೊಟ್ಟಿರಲಿಲ್ಲ.

"ಪಾದ ಸೊಟ್ಟ ಕಣ್ರೋ, ಕತ್ತೆಗಳಾ!" ಎಂದರು.

"ನಿಮ್ಮದೇ ಅಲ್ವಾ, ಗುರುಗಳೇ," ಎಂದಳು ಕಾಮಾದೊ, ಹಿಂದಿರುಗಿ ನೋಡದೆ.

ಚಿನೆನ್ ಎದೆಯುಬ್ಬಿಸಿ ಎಡಗಾಲನ್ನು ಮುಂದಿಟ್ಟರು.