ಎಡಗೈ ಬೆಸುಗೆ

"ಮುಟ್ಟಬಾರದು ಅಮ್ಮಾ. ಬೋರ್ಡು ಹಾಕಿದೀವಲ್ಲ, ಕಾಣಿಸ್ಲಿಲ್ವಾ?"

ಅರ್ಥೀಲಿಯಜ್ಜಿ ಬಿಳಿ ಕೈಗವಸನ್ನು ಒಂದೊಂದೇ ಬೆರಳಿನಿಂದ ಕಳಚುವುದನ್ನು ನಿಲ್ಲಿಸಲಿಲ್ಲ. "ಕಾಣಿಸಲ್ಲ ಕಣಪ್ಪ. ಕಣ್ಣು ಹೋಗ್ತಾ ಇದೆ. ಅದಕ್ಕೇ ಪೂರ್ತಿ ಹೋಗೋದ್ರೊಳಗೆ ಬಂದಿದೀನಿ."

ಚರ್ಚು ಮುಗಿದದ್ದೇ, ಟೋಪಿಯನ್ನೂ ತೆಗೆಯದೆ, ಮೊಮ್ಮಗಳು ರೆನೀಟಾಳ ತೋಳು ಹಿಡಿದು ಹಡಗಿನ ಮೂರು ಕಡಿದಾದ ಏಣಿಗಳನ್ನು ಇಳಿದಿದ್ದಳು. ಯುದ್ಧಕಾಲದಲ್ಲಿ ಟ್ಯಾಂಕು, ಹಿಟ್ಟು, ಮದ್ದುಗುಂಡು ಹೊತ್ತು ತಿರುಗಿದ ಹಡಗು ಈಗ ಓಕ್ಲೆಂಡಿನ ದಕ್ಕೆಯಲ್ಲಿ, ಟಿಕೆಟ್ಟು ಕೊಂಡವರಿಗೆ ಮೈ ತೋರಿಸುತ್ತ ನಿಂತಿತ್ತು. ಐವತ್ತು ವರ್ಷದಿಂದ ಅಜ್ಜಿ ಮನೆಯಲ್ಲಿ ಹೇಳುತ್ತ ಬಂದದ್ದು ಒಂದೇ ಮಾತು: ಆ ಹಡಗಿನ ಹೊಟ್ಟೆಯೊಳಗೆ, ಇಕ್ಕಟ್ಟಿನ ಮೂಲೆಯಲ್ಲಿ, ಅದನ್ನು ಕಟ್ಟುವಾಗ ನಾನು ಹಾಕಿದ ಬೆಸುಗೆ ಇದೆ. ಮನೆಯವರು ಹೂಂಗುಟ್ಟುತ್ತಿದ್ದರು, ಅಷ್ಟೆ. ಬಸ್ಸು ಓಡಿಸುವ ರೆನೀಟಾ ಕೂಡ ಇವತ್ತು ಅವಳನ್ನು ಕರೆತಂದದ್ದು ನಂಬಿಕೆಯಿಂದಲ್ಲ, ಹಟ ತಾಳಲಾರದೆ.

ಅವಳನ್ನು ತಡೆದ, ಹಡಗು ತೋರಿಸುವ ವೆಂಡೆಲ್ ಅರವತ್ತರ ಬಿಳಿಯ. ಕೆಟ್ಟವನಲ್ಲ. ವಿಷಯ ಕೇಳಿದವನೇ ಉತ್ಸಾಹದಿಂದ ಟಾರ್ಚು ತೆಗೆದ.

"ಹಾಗಾದ್ರೆ ಹುಡುಕೋಣ ಬಿಡಿ, ಸುಲಭ. ಬೆಸುಗೆ ಹಾಕಿದೋರು ಅದರ ಕೊನೇಲಿ ತಮ್ಮ ನಂಬರಿನ ಅಚ್ಚು ಕುಟ್ಟಲೇಬೇಕಿತ್ತು. ನಿಮ್ಮ ನಂಬರೆಷ್ಟು?"

"ನಂಗೆ ನಂಬರು ಕೊಡ್ಲಿಲ್ಲ."

"ಎಲ್ರಿಗೂ ಕೊಡ್ತಿದ್ರಲ್ಲ?"

"ಎಲ್ರಿಗೂ ಅಂದ್ರೆ ನಿಮ್ಮೋರಿಗೆ. ನಾವು ಕರಿಯರು ಎರಡು ವರ್ಷ ಬೆಂಕಿ ಹಿಡಿದ್ರೂ ಕಾಗದದ ಮೇಲೆ ಕಲಿಯೋರೇ. ಕಲಿಯೋರಿಗೆ ನಂಬರಿಲ್ಲ. ನಾವು ಬೆಸೆದು ಎದ್ದ ಮೇಲೆ ಮೇಸ್ತ್ರಿ ಬಂದು ತನ್ನ ನಂಬರು ಕುಟ್ಟಿ ಹೋಗೋನು. ಏಳ್ನೂರ ಹನ್ನೆರಡು."

ವೆಂಡೆಲ್‌ನ ನಗು ಮುಖದ ಮೇಲೆ ಹಾಗೇ ಉಳಿಯಿತು, ತೆಗೆಯಲು ಮರೆತಂತೆ. ಅವನ ಬೆನ್ನ ಹಿಂದೆ ಒಂದು ಹಿತ್ತಾಳೆ ಫಲಕವಿತ್ತು. ರೆನೀಟಾ ಅಜ್ಜಿಗೆ ಕೇಳುವಂತೆ ಗಟ್ಟಿಯಾಗಿ ಓದಿದಳು: "'ಈ ಹಡಗಿನ ಅತಿ ಕಷ್ಟದ ಬೆಸುಗೆ. ಇಂದಿಗೂ ಕೂದಲೆಳೆಯ ಬಿರುಕಿಲ್ಲ. ಕ್ಲೈಡ್ ಹಾರ್ಗ್ರೋವ್, ನಂಬರು 712.'" ಆಮೇಲೆ ಅವನ ಎದೆಯ ಮೇಲಿನ ಹೆಸರುಪಟ್ಟಿಯನ್ನೂ ಓದಿದಳು. "ವೆಂಡೆಲ್ ಹಾರ್ಗ್ರೋವ್. ನಿಮ್ಮಪ್ಪಾನಾ?"

"ನಮ್ಮಪ್ಪ ಸುಳ್ಳುಗಾರ ಅಲ್ಲ." ಅವನ ದನಿ ಏರಲಿಲ್ಲ. "ದಾಖಲೆ ಇದೆ, ನಂಬರಿದೆ. ನಿಮ್ಮ ಹತ್ರ ಏನಿದೆ ಅಮ್ಮಾ?"

"ಕೈ ಇದೆ," ಎಂದಳು ಅರ್ಥೀಲಿಯಜ್ಜಿ. "ಎಡಗೈ."

ಎಡಗೈಯಲ್ಲಿ ಬರೆಯುತ್ತಾಳೆಂದು ಲೂಯಿಸಿಯಾನಾದ ಶಾಲೆಯಲ್ಲಿ ಬಾಸುಂಡೆ ಬರಿಸಿಕೊಂಡಿದ್ದ ಕೈ. ಈ ಮೂಲೆಯಲ್ಲಿ ದಪ್ಪನೆಯ ಕೊಳವೆಯೊಂದು ಬಲಗಡೆಗೆ ಅಡ್ಡ ಬಂದು, ಬಲಗೈಯವರ ಮೊಣಕೈ ಆಡುತ್ತಿರಲಿಲ್ಲ. "ಏ ಎಡಚೀ, ತೂರು ಒಳಗೆ" ಎಂದು ಮೇಸ್ತ್ರಿ ಅವಳನ್ನೇ ನುಗ್ಗಿಸಿದ್ದ. ಅದೇ ಕೈಯಿಂದ ಈಗ ಅವಳು ವೆಂಡೆಲ್‌ನ ಬೆರಳು ಹಿಡಿದು ಪಕ್ಕದ ಗೋಡೆಯ ಬೆಸುಗೆಯ ಮೇಲಿಟ್ಟಳು. ಮುಟ್ಟಬಾರದು ಎಂಬ ಬೋರ್ಡು ಅವನ ಮೂಗಿನ ನೇರಕ್ಕೇ ಇತ್ತು.

"ಬೆಸುಗೆ ಅಂದ್ರೆ ಮೀನಿನ ಹುರುಪೆ ಇದ್ದಂಗೆ. ಕೈ ಹೋದ ಕಡೆಗೆ ಮಲಗುತ್ತೆ. ಇದು ಬಲಗೈಯೋರದ್ದು. ಎಡದಿಂದ ಬಲಕ್ಕೆ ಉಗುರು ಎಳಿ. ಜಾರುತ್ತಾ?"

"ಹೂಂ."

"ಈಗ ಫಲಕದ ಕೆಳಗಿರೋ ಇದನ್ನ ಎಳಿ. ನಿಮ್ಮಪ್ಪಂದು."

ಉಗುರು ತಡೆಯಿತು. ವೆಂಡೆಲ್ ಇನ್ನೊಮ್ಮೆ ಎಳೆದ. ಮತ್ತೆ ತಡೆಯಿತು. ಯಾರೂ ಹೇಳದೆಯೇ ದಿಕ್ಕು ಬದಲಿಸಿ ಬಲದಿಂದ ಎಡಕ್ಕೆ ಎಳೆದ. ಬೆರಳು ನೀರಿನ ಮೇಲೆ ಹೋದಂತೆ ಹೋಯಿತು.

"ತಪ್ಪು ಮಾಡ್ದಾಗ ನಿಮ್ಮಪ್ಪ ನಿಂಗೆ ಯಾವ ಕೈಲಿ ಬಾರಿಸ್ತಿದ್ದ?"

ವೆಂಡೆಲ್ ಬೆರಳನ್ನು ಹಿಂದಕ್ಕೆಳೆದುಕೊಂಡ. "ಬಲಗೈಲಿ."

"ಅಜ್ಜೀ..." ಎಂದಳು ರೆನೀಟಾ. ಅವಳೂ ಬೆಸುಗೆಯ ಮೇಲೆ ಬೆರಳಿಟ್ಟಳು.

"ಇಷ್ಟು ವರ್ಷ ಯಾಕೆ ಸುಮ್ನಿದ್ರಿ?" ಎಂದ ವೆಂಡೆಲ್.

"ಸುಮ್ನಿದ್ನಾ? ಇವಳನ್ನ ಕೇಳು, ಹೇಳೀ ಹೇಳೀ ತಲೆ ತಿಂದಿದೀನಿ." ಅಜ್ಜಿ ನಕ್ಕಳು. "ಇದು ಬಿರುಕು ಬಿಟ್ಟಿದ್ರೆ ಅವತ್ತೇ ನನ್ನ ಹೆಸರು ಹುಡುಕಿ ತೆಗೀತಿದ್ರು ಕಣಪ್ಪ. ಗಟ್ಟಿಯಾಗಿ ನಿಂತ್ಕೊಂತಲ್ಲ, ಅದಕ್ಕೇ ನಿಮ್ಮಪ್ಪಂದಾಯ್ತು."

ಅಷ್ಟರಲ್ಲಿ ಏಣಿಯ ಮೇಲೆ ಕಾಲುಗಳ ಸದ್ದು. ಮುಂದಿನ ಗುಂಪು ಬಂತು, ಹತ್ತು ಹನ್ನೆರಡು ಜನ. ಮುಂದೆ ನಿಂತಾಕೆ ಕ್ಯಾಮೆರಾ ಎತ್ತಿ, "ಇದೇ ಅಲ್ವಾ ಆ ಬಿರುಕು ಬಿಡದ ಬೆಸುಗೆ? ಯಾರು ಸರ್ ಹಾಕಿದ್ದು?" ಎಂದಳು.

ವೆಂಡೆಲ್ ಫಲಕದ ಕಡೆ ತಿರುಗಿದ. ಬೆಳಿಗ್ಗೆಯಷ್ಟೇ ಅವನೇ ಉಜ್ಜಿ ಹೊಳೆಯಿಸಿದ್ದ. ಅಪ್ಪನ ಹೆಸರಿನ ಮೇಲೆ ಅವನ ಮುಖವೇ ಕಾಣುತ್ತಿತ್ತು. ಗುಂಪು ಕಾಯುತ್ತಿತ್ತು.

"ನಡಿ ಅಜ್ಜಿ, ಹೋಗೋಣ," ಎಂದು ರೆನೀಟಾ ತೋಳೆಳೆದಳು.

ಅರ್ಥೀಲಿಯಜ್ಜಿ ಮೂಲೆಯಲ್ಲಿದ್ದ ಮಡಚುವ ಕುರ್ಚಿಯನ್ನು ತಡಕಾಡಿ ಬಿಡಿಸಿ, ಬೆಸುಗೆಗೆ ಅಂಟಿಕೊಂಡಂತೆ ಕೂತಳು. ಗವಸುಗಳನ್ನು ಮಡಿಲಲ್ಲಿಟ್ಟುಕೊಂಡು, ಬರಿಗೈಯನ್ನು ಕಬ್ಬಿಣದ ಮೇಲಿಟ್ಟಳು.

"ಇರೇ. ಅವನು ಏನು ಹೇಳ್ತಾನೋ ಕೇಳ್ಕೊಂಡೇ ಹೋಗೋಣ."