ಗೋಡೆಯ ಪಕ್ಕದ ಸಾಲು

ಗಂಜಿ ಉಕ್ಕಿ ಒಲೆಗೆ ಸುರಿದ ವಾಸನೆ ಬಂದರೆ ಈಗಲೂ ನನ್ನ ಕಾಲು ತಾನಾಗಿ ಹಿಂದಕ್ಕೆ ಸರಿಯುತ್ತದೆ.

ತೊಂಬತ್ತರ ದಶಕ. ಶ್ರೀರಂಗಪಟ್ಟಣದ ಹತ್ತಿರದ ನಮ್ಮೂರಿನ ಚರ್ಚಿನಲ್ಲಿ ಶುಭ ಶುಕ್ರವಾರ ಮಧ್ಯಾಹ್ನ, ಶಿಲುಬೆ ಹಾದಿಯ ಪ್ರಾರ್ಥನೆ ಮುಗಿದ ಮೇಲೆ, ಉಪವಾಸವಿದ್ದವರಿಗೆಲ್ಲ ಅಂಗಳದಲ್ಲಿ ಗಂಜಿ ಬಡಿಸುತ್ತಿದ್ದರು. ದಲಿತ ಕೇರಿಯಿಂದ ಬಂದ ಕ್ರೈಸ್ತರಿಗೆ ಗೋಡೆಯ ಪಕ್ಕ ಬೇರೆ ಸಾಲು.

"ಇವತ್ತಾದ್ರೂ ಒಂದೇ ಸಾಲು ಮಾಡ್ರಣ್ಣ," ಎಂದ ಈಚೆಯ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ ಅಪ್ಪ, ಎದ್ದು ನಿಂತು.

"ವರ್ಷಾ ವರ್ಷಾ ಇಂಗೇ ಅಲ್ವೇನ್ಲಾ? ಸುಮ್ನೆ ಕುಂತು ಉಣ್ಣು," ಎಂದರು ಬಡಿಸುತ್ತಿದ್ದ ಹಿರಿಯರು.

ಅಪ್ಪ ಹಂಡೆ ಉರುಳಿಸಿಬಿಟ್ಟ. ಕೈಯಿಂದಲೋ ಕಾಲಿನಿಂದಲೋ, ನನ್ನ ನೆನಪು ಸಲಕ್ಕೊಂದು ಹೇಳುತ್ತದೆ. ಬಿಸಿ ಗಂಜಿ ಇಳಿಜಾರು ಹಿಡಿದು ಗೋಡೆಯ ಕಡೆಗೇ ಹರಿಯಿತು. ಅಲ್ಲಿ ಕೂತಿದ್ದ ಮರಿಯಮ್ಮಜ್ಜಿಗೆ ಬೇಗ ಏಳಲಾಗಲಿಲ್ಲ. ಎರಡೂ ಪಾದಗಳು ಬೆಂದವು.

ಆ ಪಾದಗಳಿಗೆ ನೀರು ಹುಯ್ಯುತ್ತ ಅಪ್ಪ, "ಯೇಸುಸ್ವಾಮಿನೂ ದೇವಾಲಯದಲ್ಲಿ ವ್ಯಾಪಾರ ಮಾಡೋರ ಮೇಜು ಉರುಳಿಸ್ನಿಲ್ವಾ, ಅಜ್ಜಿ?" ಎಂದು ಅಳುತ್ತಿದ್ದ.

"ಉರುಳಿಸ್ದ ಕಣಪ್ಪ," ಎಂದಳು ಅಜ್ಜಿ, ಹಲ್ಲು ಕಚ್ಚಿಕೊಂಡು. "ಆ ಮೇಜಿನ್ ಮ್ಯಾಲೆ ಬಿಸಿ ಗಂಜಿ ಇರ್ನಿಲ್ಲ."

ಮರುವರ್ಷ ಸೌಟು ಹಿಡಿದು ಬಡಿಸಿದವನು ಅಪ್ಪನೇ. ಗೋಡೆಯ ಪಕ್ಕದ ಸಾಲು ಹಾಗೆಯೇ ಇತ್ತು. ಕುಂಟುತ್ತ ಬಂದು ಅಲ್ಲಿ ಕೂತ ಅಜ್ಜಿ ತಟ್ಟೆ ಒಡ್ಡಿದಳು. ಅಪ್ಪ ಬಗ್ಗಿ, ಒಂದು ಹನಿಯೂ ಚೆಲ್ಲದ ಹಾಗೆ ಬಡಿಸಿದ.