ನಾಲ್ಕನೆಯ ಸಂಬಂಧ

ಗಂಡಿನ ಕಡೆಯವರು ಇನ್ನೂ ಬಂದಿರಲಿಲ್ಲ. ಬರುವುದೇ ಇಲ್ಲವೇನೋ ಎಂದು ರಜನಿಗೆ ಆಗಲೇ ಅನುಮಾನ ಶುರುವಾಗಿತ್ತು. ಬರದಿದ್ದರೆ ಒಳ್ಳೆಯದೇ ಆಯಿತು, ಮನೆಗೆ ಹೋಗಿ ಮಲಗಬಹುದು ಎಂದೂ ಒಂದು ಮನಸ್ಸು ಹೇಳುತ್ತಿತ್ತು.

ಸಿಯಾಟಲ್‌ನ ಚೈನಾಟೌನಿನಲ್ಲಿ, ಮಹಡಿಯ ಮೇಲಿನ ಈ ಹೋಟೆಲಿಗೆ ತಾಯಿ ಮಗಳು ಬಂದಿದ್ದು ಇದು ನಾಲ್ಕನೆಯ ಸಲ. ಅದೇ ಕಿಟಕಿ ಪಕ್ಕದ ದುಂಡು ಮೇಜು, ಅದೇ ಮಲ್ಲಿಗೆ ಚಹಾ. ಗಂಡಿನ ಕಡೆಯವರು ಮಾತ್ರ ಬೇರೆ ಬೇರೆ. ಬಡಿಸುವ ಹೆಂಗಸಿಗೆ ಇವರ ಪಾಡು ಬಾಯಿಪಾಠವಾಗಿಬಿಟ್ಟಿತ್ತು. "ನೋ ಮೀಟ್, ನೋ ಎಗ್, ನೋ ಫಿಶ್ ಸಾಸ್" ಎಂದು ತಾನೇ ಹೇಳಿ, ತಾನೇ ಬರೆದುಕೊಂಡು ಹೋದಳು.

ಹೆಣ್ಣು ನೋಡುವ ಶಾಸ್ತ್ರಕ್ಕೆ ಯಾರಾದರೂ ಚೈನಾಟೌನಿಗೆ ಬರುತ್ತಾರೆಯೇ ಎಂದು ನೀವು ಕೇಳಬಹುದು. ಬೇರೆಲ್ಲಿಗೆ ಹೋಗಬೇಕು, ಹೇಳಿ? ಬೆಲ್‌ವ್ಯೂನ ಇಡ್ಲಿ ಹೋಟೆಲಿನಲ್ಲಿ ಕೂತರೆ ಚಟ್ನಿ ಬರುವ ಮುಂಚೆ ಪರಿಚಯದ ಕನ್ನಡದವರು ಯಾರಾದರೂ ಬಂದು ಪಕ್ಕದಲ್ಲಿ ಕೂರುತ್ತಾರೆ. ಸಂಜೆಯೊಳಗೆ ಸುದ್ದಿ ಕರ್ಕ್‌ಲ್ಯಾಂಡ್‌ನಿಂದ ಕೆಂಟ್‌ವರೆಗೆ ಹಬ್ಬಿ, ಬೆಳಗಾಗುವಷ್ಟರಲ್ಲಿ ಗದಗಿನಲ್ಲಿರುವ ರಜನಿಯ ಅಣ್ಣಂದಿರ ಕಿವಿಗೂ ಬಿದ್ದಿರುತ್ತದೆ. ನಮ್ಮವರು ಅಪ್ಪಿತಪ್ಪಿಯೂ ಕಾಲಿಡದ ಜಾಗ ಹುಡುಕಿದಾಗ ಸಿಕ್ಕಿದ್ದು ಇದೊಂದೇ.

ಅವಸರಕ್ಕೂ ಕಾರಣವಿತ್ತು. ಮಗಳು ಕವನಾಳಿಗೆ ದೂರದ ಆಸ್ಟಿನ್‌ನಲ್ಲಿ ಒಳ್ಳೆಯ ಕೆಲಸ ಸಿಕ್ಕಿತ್ತು. ಅವಳು ಹೊರಡುವ ಮೊದಲು ಒಂದು ಸಂಬಂಧ ಗಟ್ಟಿಯಾಗಬೇಕು, ಆಗದಿದ್ದರೆ ಆ ಕೆಲಸವೇ ಬೇಡ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ದುಡಿದು ಮಗಳನ್ನು ಓದಿಸಿದವಳು ರಜನಿ. ಆ ಕೆಲಸ ಕೈತಪ್ಪುವುದು ಅವಳಿಗೆ ಸುತರಾಂ ಬೇಡವಾಗಿತ್ತು. ಹಾಗೆಂದು ದಾರಿಯಲ್ಲಿ ಹೋಗುವವರಿಗೆಲ್ಲ ಹೂಂ ಅನ್ನಲಾಗುತ್ತದೆಯೇ?

ಹಿಂದಿನ ಮೂರೂ ಕೂಡಿಬರಲಿಲ್ಲ. ಮೊದಲನೆಯವರು ಹೊಟ್ಟೆತುಂಬ ಉಂಡು ಹೋದವರು ಆಮೇಲೆ ಫೋನನ್ನೇ ಎತ್ತಲಿಲ್ಲ. ಎರಡನೆಯವರಿಗೆ ಬೇಕಾಗಿದ್ದದ್ದು ಅಡುಗೆಯಾಕೆ. ಮೂರನೆಯವರು ಮೈ ಸ್ವಲ್ಪ ಹೆಚ್ಚಾಯಿತು ಎಂದರು, ಅದೂ ಎದುರಿಗೇ. ನಗುನಗುತ್ತ ಕೂತು, ನೋಡಿಸಿಕೊಂಡು, ಮನೆಗೆ ಹೋಗಿ ಉತ್ತರಕ್ಕೆ ಕಾಯುವುದು ರಜನಿಗೆ ಸಾಕುಸಾಕಾಗಿ ಹೋಗಿತ್ತು.

"ಈ ಸೀರಿ ಬ್ಯಾಡ ಅಂದಿದ್ದೆ," ಎಂದು ಸೆರಗು ಎಳೆದುಕೊಂಡು ಗೊಣಗಿದಳು.

"ಛಂದ ಕಾಣ್ತದ, ಸುಮ್ನಿರಮ್ಮ."

ತಾಯಿಗೆ ಇಳಕಲ್ ಸೀರೆ ಉಡಿಸಿ ಕರೆತಂದ ಮಗಳು ತಾನು ಮಾತ್ರ ಹಳೆಯ ಜೀನ್ಸಿನಲ್ಲಿ ಬಂದಿದ್ದಳು. ತಲೆಗೂದಲನ್ನೂ ಸರಿಯಾಗಿ ಬಾಚಿರಲಿಲ್ಲ. ಈಗಿನ ಹುಡುಗಿಯರಿಗೆ ಯಾರು ಹೇಳಬೇಕು!

ಕೊನೆಗೂ ಅವರು ಬಂದರು, ತಂದೆ ಮತ್ತು ಮಗ. ತಂದೆ ಕೇಶವ ಎವರೆಟ್‌ನ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಮಗ ಆಕರ್ಷ್ ಇಲ್ಲೇ ಹುಟ್ಟಿ ಬೆಳೆದವನು, ಲಕ್ಷಣವಾಗಿದ್ದ. ಪಾರ್ಕಿಂಗ್ ಸಿಗಲಿಲ್ಲ ಎಂದು ಕೇಶವರು ಮತ್ತೆ ಮತ್ತೆ ಕ್ಷಮೆ ಕೇಳಿದರು. ಫೋನಿನಲ್ಲಿ ಮೊದಲೇ ಮಾತಾಡಿಕೊಂಡಿದ್ದರಿಂದ ಮಕ್ಕಳಿಬ್ಬರೂ ಸಲೀಸಾಗಿ ಹರಟತೊಡಗಿದರು. ಹಿರಿಯರಿಬ್ಬರಿಗೇ ಬಾಯಿ ಕಟ್ಟಿತ್ತು.

"ನಮ್ದು ಹೆಚ್ಚಿನ ನಿರೀಕ್ಷೆ ಏನೂ ಇಲ್ಲ," ಎಂದರು ಕೇಶವ, ಚಹಾದ ಬಟ್ಟಲನ್ನು ನೋಡುತ್ತ. "ಮನೇಲಿ ಕನ್ನಡ ಮಾತಾಡೋರು ಒಬ್ರು ಬೇಕು, ಅಷ್ಟೇ. ನಮ್ಮ ಸುಶೀಲಾ ತೀರಿಕೊಂಡ ಮೇಲೆ ಮನೆ ಬಣಗುಟ್ಟುತ್ತೆ."

"ಪೂಜೆ ಪುನಸ್ಕಾರ ಬಿಡೋಕಾಗಲ್ಲ ಅಂಕಲ್," ಎಂದಳು ಕವನಾ ನೇರವಾಗಿ. "ಮನೆ ಕೆಲಸ ಎಲ್ಲಾ ಒಬ್ರ ಮೇಲೇ ಬೀಳೋದೂ ಬೇಡ."

"ಬೀಳಲ್ಲಮ್ಮ. ಅಡುಗೆ ನಾನೇ ಮಾಡೋದು."

ರಜನಿ ಮೇಜಿನ ಕೆಳಗೆ ಮಗಳ ಕೈ ಚಿವುಟಿದಳು. ಹೆಣ್ಣಿನ ಕಡೆಯವರು ಹೀಗೆ ಪಾಟೀಸವಾಲು ಮಾಡಿದರೆ ಯಾವ ಸಂಬಂಧ ಕುದುರೀತು!

ಅಷ್ಟರಲ್ಲಿ ಹುರಿದ ಬೀನ್ಸ್ ಬಂತು. ನೋಡಿದರೆ ಬೀನ್ಸಿನ ನಡುವೆ ಸಣ್ಣ ಸಣ್ಣ ಮಾಂಸದ ಚೂರುಗಳು. ರಜನಿಯ ಕೈ ಅಲ್ಲೇ ನಿಂತಿತು. ಎರಡನೆಯವರು ಇಂಥದ್ದೊಂದು ತಪ್ಪಿಗೇ ಬಡಿಸುವಾಕೆಯ ಮೇಲೆ ಸೂರು ಹಾರಿಹೋಗುವಂತೆ ಕೂಗಾಡಿದ್ದರು. ಕೇಶವರು ಮೇಜಿನ ನಡುವಿನ ತಿರುಗುವ ಗಾಜನ್ನು ಮೆಲ್ಲಗೆ ಸರಿಸಿ, ಆ ತಟ್ಟೆಯನ್ನು ಮಗನ ಮುಂದೆ ತಂದು ನಿಲ್ಲಿಸಿದರು.

"ಇವನು ತಿಂತಾನೆ. ದಂಡ ಆಗಲ್ಲ."

ಆಮೇಲೆ ಆಕೆಯನ್ನು ಕರೆದು, ಬರೀ ತರಕಾರಿಯದ್ದು ಇನ್ನೊಂದು ತಟ್ಟೆ ತರಲು ಹೇಳಿದರು. ರಜನಿಗೊಂದು ಫೋರ್ಕ್ ಕೂಡ ಕೇಳಿದರು. ಚೀನೀಯರ ಊಟದ ಕಡ್ಡಿ ಹಿಡಿದುಕೊಂಡು ಅವಳು ಒದ್ದಾಡುತ್ತಿದ್ದುದು ಅವರ ಕಣ್ಣಿಗೆ ಬಿದ್ದಿತ್ತೆಂದು ಕಾಣುತ್ತದೆ. ಹಿಂದಿನ ಮೂವರಲ್ಲಿ ಯಾರಿಗೂ ಬಿದ್ದಿರಲಿಲ್ಲ.

ರಜನಿಗೆ ಎಷ್ಟೋ ದಿನಗಳ ಮೇಲೆ ಉಸಿರು ಹಗುರಾಯಿತು. ಇಂಥ ಮನೆಯಲ್ಲಿ ಬಾಳಬಹುದು ಅನ್ನಿಸಿತು. ಮರುಗಳಿಗೆಯೇ ಹೆದರಿಕೆ. ಆ ಕಡೆಯವರಿಗೂ ಹಾಗೆ ಅನ್ನಿಸಬೇಕಲ್ಲ? ಇನ್ನೊಂದು ಸಲ ಇಲ್ಲ ಅನ್ನಿಸಿಕೊಳ್ಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಊಟ ಮುಗಿಯಿತು. ಕೇಶವರು ಗಂಟಲು ಸರಿಮಾಡಿಕೊಂಡರು.

"ಪದ್ಧತಿ ಪ್ರಕಾರ... ಇಬ್ರೇ ಸ್ವಲ್ಪ ಹೊತ್ತು ಕೂತು ಮಾತಾಡೋದು ಒಳ್ಳೇದಲ್ವಾ?"

ಆಕರ್ಷ್ ಎದ್ದ. ಕವನಾಳೂ ಎದ್ದಳು. ಕೆಳಗಿನ ಬೇಕರಿಯಲ್ಲಿ ಕಾಫಿ ಚೆನ್ನಾಗಿರುತ್ತದೆ ಎಂದು ಅವನು ಇಂಗ್ಲಿಷಿನಲ್ಲಿ ಹೇಳಿದ. ಇಬ್ಬರೂ ಮೆಟ್ಟಿಲ ಕಡೆಗೆ ನಡೆದರು. ರಜನಿ ಅವರು ಹೋದ ದಿಕ್ಕನ್ನೇ ನೋಡುತ್ತ ಕೂತಳು.

ಮೆಟ್ಟಿಲಿಳಿಯುವ ಮೊದಲು ಕವನಾ ಒಬ್ಬಳೇ ತಿರುಗಿ ಬಂದಳು. ತಾಯಿಯ ಹೆಗಲು ಹಿಡಿದು, ಕಿವಿಯ ಹತ್ತಿರ ಬಗ್ಗಿದಳು.

"ನನ್ನ ಸಲುವಾಗಿ ಹೂಂ ಅನಬ್ಯಾಡಮ್ಮ. ಇವರು ನಿನ್ನ ಮನಸ್ಸಿಗೆ ಬಂದ್ರಷ್ಟ ನೀನು ಮದುವಿ ಆಗು."